ಯುಗಾದಿಯಿಂದ ಯುಗಾದಿಗೆ: ಮನೆಯಲ್ಲೊಂದು ಋತುಪುಸ್ತಕ ಬರೆಯುವ ಕ್ರಮ

ಹೊಸ ವರ್ಷದ ಸಂಕಲ್ಪಗಳನ್ನು ಈಗ ಬಹುತೇಕ ಎಲ್ಲರೂ ಜನವರಿ 1ರಂದು ಮಾಡುತ್ತಾರೆ. ಆದರೆ ಆ ದಿನ ನಮ್ಮ ನೆಲದಲ್ಲಿ ಯಾವುದೂ ಹೊಸದಾಗಿ ಶುರುವಾಗುವುದಿಲ್ಲ. ವಿಜಯಪುರದ ಎರೆಹೊಲಗಳಲ್ಲಿ ಹಿಂಗಾರಿನ ಬಿಳಿಜೋಳ ನಡುಹಾದಿಯಲ್ಲಿರುತ್ತದೆ, ಮಲೆನಾಡಿನ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ, ಹಳೆಯ ಮೈಸೂರಿನ ಕಡೆ ಸೊಗಡಿನ ಅವರೆಕಾಯಿ ಭರ್ತಿಯಾಗಿ ಬರುತ್ತಿರುತ್ತದೆ. ಎಲ್ಲವೂ ಅರ್ಧದಲ್ಲಿರುವ ಹೊತ್ತಿನಲ್ಲಿ ಮನುಷ್ಯನೊಬ್ಬನೇ ಹೊಸದಾಗಿ ಹೊರಡಬೇಕೆಂದರೆ ಅದಕ್ಕೆ ಸುತ್ತಲಿನ ಯಾವುದರ ಬೆಂಬಲವೂ ಸಿಗುವುದಿಲ್ಲ.

ನಿಜ ನೋಡಿದರೆ ಕನ್ನಡ ನಾಡಿನಲ್ಲಿ ವರ್ಷಕ್ಕೆ ಒಂದೇ ಆರಂಭವಿಲ್ಲ. ಚೈತ್ರ ಶುದ್ಧ ಪಾಡ್ಯದ ಚಾಂದ್ರಮಾನ ಯುಗಾದಿ, ಏಪ್ರಿಲ್ ನಡುವಿನ ಸೌರಮಾನ ಯುಗಾದಿ, ಮುಂಗಾರಿನ ಉಳುಮೆ, ದೀಪಾವಳಿಯ ಬಲಿಪಾಡ್ಯಮಿ, ಉತ್ತರಾಯಣ, ಇವೆಲ್ಲವೂ ಯಾರಿಗಾದರೂ ವರ್ಷದ ಮೊದಲ ದಿನವೇ. ಇವುಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಡುವ ಬದಲು, ಒಂದೊಂದು ಆರಂಭದಲ್ಲೂ ಬದುಕಿನ ಒಂದೊಂದು ಭಾಗವನ್ನು ತೆರೆದು ನೋಡುವುದು ಮೇಲೆಂದು ನನಗೆ ಅನ್ನಿಸುತ್ತದೆ. ಹಾಗೆ ನೋಡಲು ನೆನಪು ಸಾಲದು. ಹೋದ ವರ್ಷ ಮೊದಲ ಮಳೆ ಯಾವಾಗ ಬಂತೆಂದು ಕೇಳಿದರೆ ಒಂದೇ ಮನೆಯ ನಾಲ್ವರು ನಾಲ್ಕು ಉತ್ತರ ಕೊಡುತ್ತಾರೆ. ಅದಕ್ಕಾಗಿ ಒಂದು ಪುಸ್ತಕ ಬೇಕು. ಅದನ್ನು ಹೇಗೆ ಕಟ್ಟಬೇಕು, ಅದರಲ್ಲಿ ಏನನ್ನು ಬರೆಯಬೇಕು, ಯಾವಾಗ ಓದಬೇಕು ಎಂಬುದನ್ನು ಮುಂದೆ ಕ್ರಮವಾಗಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಪುಸ್ತಕವನ್ನು ಮಳೆ ನಕ್ಷತ್ರಗಳ ಪ್ರಕಾರ ವಿಭಾಗಿಸಿ

ಇನ್ನೂರು ಪುಟಗಳ, ಗೆರೆಯಿರುವ, ಹೊಲಿಗೆ ಹಾಕಿದ ಒಂದು ಪುಸ್ತಕವನ್ನು ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬರೆದಿಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಮನೆಯ ಎಲ್ಲರ ಕೈಗೂ ಸಿಗುವಂತೆ, ಅಡುಗೆಮನೆಯ ಪಕ್ಕದ ಮೊಳೆಗೆ ನೇತುಹಾಕಬಹುದಾದ ಪುಸ್ತಕಕ್ಕೇ ನನ್ನ ಒಲವು, ಏಕೆಂದರೆ ಇದು ಒಬ್ಬರ ಖಾಸಗಿ ದಿನಚರಿಯಲ್ಲ.

ಪುಸ್ತಕವನ್ನು ಇಂಗ್ಲಿಷ್ ತಿಂಗಳುಗಳಿಂದಲೂ ಚಾಂದ್ರಮಾನ ಮಾಸಗಳಿಂದಲೂ ವಿಭಾಗಿಸಬೇಡಿ. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು. 2026ರಲ್ಲಿ ಅದು ಮಾರ್ಚ್ 19ಕ್ಕೆ, 2027ರಲ್ಲಿ ಏಪ್ರಿಲ್ 7ಕ್ಕೆ. ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವಿರುವುದರಿಂದ ಆ ವರ್ಷದ ಆಷಾಢವನ್ನು ಹಿಂದಿನ ವರ್ಷದ ಆಷಾಢದೊಂದಿಗೆ ಹೋಲಿಸಿದರೆ ಮಳೆಯ ಲೆಕ್ಕವೇ ತಪ್ಪಿಹೋಗುತ್ತದೆ. ಹಬ್ಬಗಳಿಗೆ ಚಂದ್ರನ ಲೆಕ್ಕ ಸರಿ. ಮರ, ಮಳೆ, ಬೆಳೆಗಳಿಗೆ ಸೂರ್ಯನ ಲೆಕ್ಕವೇ ಬೇಕು.

ಈ ತೊಡಕನ್ನು ನಮ್ಮ ರೈತರು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಸೂರ್ಯ ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವಾಗ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ ಹೂಡುತ್ತದೆ, ರೋಹಿಣಿ ಮೇ 25ಕ್ಕೆ, ಮೃಗಶಿರ ಜೂನ್ 8ಕ್ಕೆ, ಆರಿದ್ರೆ ಜೂನ್ 22ಕ್ಕೆ, ಮಘೆ ಆಗಸ್ಟ್ 17ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ. ಒಂದು ದಿನ ಆಚೀಚೆಯಾದೀತೇ ಹೊರತು ಹೆಚ್ಚಲ್ಲ. ಪಂಚಾಂಗದಲ್ಲೂ ಗೋಡೆಯ ಕ್ಯಾಲೆಂಡರುಗಳಲ್ಲೂ ಈ ದಿನಗಳನ್ನು ಅಚ್ಚು ಮಾಡಿರುತ್ತಾರೆ.

ಆದ್ದರಿಂದ ಒಂದೊಂದು ನಕ್ಷತ್ರಕ್ಕೆ ಎದುರುಬದುರಿನ ಎರಡು ಪುಟಗಳನ್ನು ಮೀಸಲಿಡಿ. ಇಪ್ಪತ್ತೇಳಕ್ಕೆ ಐವತ್ತನಾಲ್ಕು ಪುಟಗಳಾದವು. ಈಗ ಆ ಎರಡೂ ಪುಟಗಳಿಗೆ ಅಡ್ಡಗೆರೆ ಎಳೆದು ಐದು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದು ಪಟ್ಟಿಯ ಅಂಚಿನಲ್ಲಿ ಒಂದೊಂದು ವರ್ಷವನ್ನು ಬರೆಯಿರಿ. ಒಂದು ಪಟ್ಟಿಗೆ ನಾಲ್ಕೈದು ಸಾಲುಗಳಷ್ಟೇ ಸಿಗುತ್ತವೆ, ಅಷ್ಟೇ ಸಾಕು. ಐದು ವರ್ಷಗಳ ಭರಣಿ ಒಂದೇ ಕಡೆ ಒಂದರ ಕೆಳಗೊಂದು ಕಾಣುವಂತಿರಬೇಕು, ಈ ಪುಸ್ತಕದ ಉಪಯೋಗವೆಲ್ಲ ಅಲ್ಲಿದೆ. ಉಳಿದ ಪುಟಗಳನ್ನು ವರ್ಷಾರಂಭದ ಬರಹಗಳಿಗೆಂದು ಹಿಂದುಗಡೆ ಬಿಡಿ.

ಪುಟದ ತಲೆಯ ಮೇಲೆ ಆ ನಕ್ಷತ್ರದ ಬಗ್ಗೆ ನಿಮ್ಮ ಊರಿನಲ್ಲಿ ಆಡುವ ಗಾದೆಯನ್ನು ಬರೆದಿಡಿ. ಭರಣಿ ಸುರಿದರೆ ಧರಣಿ ಬದುಕೀತು ಎನ್ನುತ್ತಾರೆ, ರೋಹಿಣಿ ಮಳೆಗೆ ಓಣಿ ತುಂಬ ಜೋಳ ಎನ್ನುತ್ತಾರೆ, ಮಘೆ ಮಳೆ ಬಂದಷ್ಟೂ ಒಳ್ಳೆಯದು ಮನೆಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಾರೆ. ಸೀಮೆಯಿಂದ ಸೀಮೆಗೆ ಇವುಗಳ ಪಾಠ ಬೇರೆಯಾಗುತ್ತದೆ. ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ರೂಪದಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ಎರಡನೆಯ ಹೆಜ್ಜೆ: ಒಂದೇ ಒಂದು ಮರವನ್ನು ಗೊತ್ತುಮಾಡಿಕೊಳ್ಳಿ

ಪ್ರಕೃತಿಯನ್ನು ಗಮನಿಸುತ್ತೇನೆಂದು ಹೊರಟವರಲ್ಲಿ ಹೆಚ್ಚಿನವರು ಎಲ್ಲವನ್ನೂ ಗಮನಿಸಲು ಹೋಗಿ ಮೂರೇ ವಾರಗಳಲ್ಲಿ ಕೈಬಿಡುತ್ತಾರೆ. ಆದ್ದರಿಂದ ಒಂದು ಮರ ಸಾಕು. ಅದು ನೀವು ದಿನವೂ ಹಾದುಹೋಗುವ ದಾರಿಯಲ್ಲಿರಬೇಕು, ಅದನ್ನು ನೋಡಲೆಂದೇ ಎಲ್ಲಿಗಾದರೂ ಹೋಗಬೇಕಾಗಿ ಬರಬಾರದು. ಬೆಂಗಳೂರಿನವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. 1908ರಿಂದ 1932ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು ವರ್ಷದ ಬೇರೆಬೇರೆ ಕಾಲಗಳಲ್ಲಿ ಸರದಿಯಂತೆ ಹೂಬಿಡುವ ಮರಗಳನ್ನು ರಸ್ತೆಗಳ ಬದಿಯಲ್ಲಿ ನೆಡಿಸಿದ್ದರು. ಆ ಆಲೋಚನೆಯ ಫಲ ಇಂದಿಗೂ ನಗರದಲ್ಲಿ ಕಾಣುತ್ತದೆ.

ಯಾವ ಮರವೆಂದು ತೋಚದವರಿಗೆ ಹೊಂಗೆಯನ್ನು ಸೂಚಿಸುತ್ತೇನೆ. ಅದು ಬಯಲುಸೀಮೆಯ ಹೊಲದ ಬದುವಿನಲ್ಲೂ ಇದೆ, ಪಟ್ಟಣದ ಬಸ್ ನಿಲ್ದಾಣದ ಪಕ್ಕದಲ್ಲೂ ಇದೆ, ವರ್ಷದ ಆರಂಭವನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಮರಗಳು ಕಡಿಮೆ. ಶಿವರಾತ್ರಿಯ ಆಸುಪಾಸಿನಲ್ಲಿ ಅದರ ಎಲೆಗಳು ಹಳದಿಯಾಗಿ, ಹುಳು ಕೊರೆದ ಚುಕ್ಕೆಗಳಿಂದ ತುಂಬಿ ಉದುರತೊಡಗುತ್ತವೆ. ಕೆಲವು ದಿನ ಮರ ಬೋಳಾಗಿ, ಒಣಗಿದ ಚಪ್ಪಟೆ ಕಾಯಿಗಳಷ್ಟೇ ತೂಗುತ್ತಿರುತ್ತವೆ. ಅದರ ಬೆನ್ನಿಗೇ ಕೊಂಬೆಯ ತುದಿಗಳಲ್ಲಿ ಮಡಚಿದ, ನುಣುಪಾದ, ಎಣ್ಣೆ ಸವರಿದಂತೆ ಹೊಳೆಯುವ ಚಿಗುರು ಕಾಣಿಸಿಕೊಳ್ಳುತ್ತದೆ, ಹತ್ತು ಹದಿನೈದು ದಿನಗಳೊಳಗೆ ಇಡೀ ಮರ ಎಳೆಹಸಿರಾಗುತ್ತದೆ. ಎಲೆಯುದುರುವ ಶಿಶಿರಕ್ಕೂ ಚಿಗುರುವ ವಸಂತಕ್ಕೂ ನಡುವೆ ನಮ್ಮಲ್ಲಿ ಹೆಚ್ಚಿನ ಅಂತರವಿಲ್ಲ ಎಂಬುದು ಈ ಮರದ ಕೆಳಗೆ ನಿಂತರೆ ಗೊತ್ತಾಗುತ್ತದೆ. ಮುಂದೆ ಏಪ್ರಿಲ್‌ನಲ್ಲಿ ಬಿಳಿ ಮತ್ತು ತಿಳಿನೇರಳೆ ಬಣ್ಣದ ಸಣ್ಣ ಹೂಗಳು ಬಂದು, ಬೆಳಗಿನ ಹೊತ್ತು ಮರವಿಡೀ ಜೇನ್ನೊಣಗಳ ಸದ್ದಿರುತ್ತದೆ, ಕೆಳಗಿನ ನೆಲವೆಲ್ಲ ಹೂವಿನಿಂದ ಮುಚ್ಚಿಹೋಗುತ್ತದೆ.

ಬರೆಯಬೇಕಾದದ್ದು ಇಷ್ಟು: ಎಲೆ ಉದುರಲು ಶುರುವಾದ ದಿನ, ಮೊದಲ ಚಿಗುರು ಕಂಡ ದಿನ, ಮೊದಲ ಹೂ, ನೆಲ ಮುಚ್ಚುವಷ್ಟು ಹೂ ಉದುರಿದ ದಿನ, ಹಸಿಕಾಯಿ, ಒಣಕಾಯಿ. ವಾರಕ್ಕೊಮ್ಮೆ, ಸಾಧ್ಯವಾದರೆ ಗೊತ್ತಾದ ಒಂದೇ ವಾರದಂದು, ಮರದ ಕೆಳಗೆ ಎರಡು ನಿಮಿಷ ನಿಂತು ನೋಡಿ. ದೇಶದ ಬೇರೆಬೇರೆ ಕಡೆಯ ಶಾಲಾಮಕ್ಕಳೂ ಆಸಕ್ತರೂ ಹೀಗೆ ವಾರಕ್ಕೊಮ್ಮೆ ಮರಗಳನ್ನು ನೋಡಿ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆಯಿದೆ. ಬಯಸಿದವರು ತಮ್ಮ ಮರವನ್ನು ಅಲ್ಲಿಯೂ ಸೇರಿಸಬಹುದು. ಕರಾವಳಿಯವರು ಹಲಸನ್ನೋ ಮಾವನ್ನೋ ಆರಿಸಿಕೊಳ್ಳಬಹುದು, ಉತ್ತರ ಕರ್ನಾಟಕದವರಿಗೆ ಬೇವು ಬಹಳ ಚೆನ್ನಾಗಿ ಹೊಂದುತ್ತದೆ.

ಹಕ್ಕಿಗಳನ್ನು ಪ್ರತ್ಯೇಕವಾಗಿ ಹುಡುಕಬೇಕಿಲ್ಲ. ಕೋಗಿಲೆಯ ಮೊದಲ ಕೂಗು ಕೇಳಿದ ದಿನ, ಗದಗ ಜಿಲ್ಲೆಯ ಮಾಗಡಿ ಕೆರೆಯ ಸೀಮೆಯವರಾದರೆ ಚಳಿಗಾಲದ ಆರಂಭದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದ ದಿನ, ಇಂಥ ಒಂದೆರಡನ್ನು ಅದೇ ಪಟ್ಟಿಯಲ್ಲಿ ಸೇರಿಸಿದರೆ ಸಾಕು.

ಮೂರನೆಯ ಹೆಜ್ಜೆ: ಮಳೆಯನ್ನು ಅಳೆಯಿರಿ

ಒಳ್ಳೆಯ ಮಳೆ, ಸಾಧಾರಣ ಮಳೆ ಎಂದು ಬರೆದದ್ದು ಮುಂದಿನ ವರ್ಷಕ್ಕೆ ಯಾವ ಉಪಯೋಗಕ್ಕೂ ಬರುವುದಿಲ್ಲ. ನೇರ ಗೋಡೆಯ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ಅದನ್ನೇ ಬೋರಲಾಗಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಸಮವಾಗಿರುವುದಿಲ್ಲವಾದ್ದರಿಂದ ಸ್ವಲ್ಪ ಜಲ್ಲಿಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿಂದ ಸೊನ್ನೆ ಎಂದು ಗುರುತು ಮಾಡಿ ಮೇಲಕ್ಕೆ ಮಿಲಿಮೀಟರ್ ಪಟ್ಟಿಯನ್ನು ಅಂಟಿಸಿ. ಸೂರಿನ ನೀರು, ಮರದ ಹನಿ ತಾಗದ ಬಯಲಲ್ಲೋ ತಾರಸಿಯ ನಡುವಿನಲ್ಲೋ ಅದನ್ನು ಅಲುಗಾಡದಂತೆ ನಿಲ್ಲಿಸಿ.

ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳತೆ ತೆಗೆದು ಹಿಂದಿನ ಇಪ್ಪತ್ನಾಲ್ಕು ಗಂಟೆಗಳ ಮಳೆಯೆಂದು ಬರೆಯುತ್ತದೆ, ನೀವೂ ಅದೇ ಹೊತ್ತನ್ನು ಇಟ್ಟುಕೊಂಡರೆ ಪತ್ರಿಕೆಯ ಅಂಕಿಗಳೊಂದಿಗೆ ಹೋಲಿಸಬಹುದು. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ. ಆಗುಂಬೆಯ ಕಡೆಯವರು ಆಟಿಯ, ಅಂದರೆ ಜುಲೈ-ಆಗಸ್ಟ್ ನಡುವಿನ ತಿಂಗಳ, ಮಳೆಯಲ್ಲಿ ದಿನಕ್ಕೆ ಎರಡು ಸಲ ಬಾಟಲಿ ಬಗ್ಗಿಸಬೇಕಾದೀತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಊರದು. ಚಳ್ಳಕೆರೆಯವರಿಗೆ ವಾರಗಟ್ಟಲೆ ಸೊನ್ನೆ ಬರೆಯುವ ಕೆಲಸವಿರುತ್ತದೆ. ಆ ಸೊನ್ನೆಗಳನ್ನು ಬಿಡದೆ ಬರೆಯಿರಿ, ಬಯಲುಸೀಮೆಯ ಮಳೆಗಾಲದ ಚರಿತ್ರೆ ಬಹುಪಾಲು ಅವುಗಳಲ್ಲಿಯೇ ಇರುತ್ತದೆ.

ಈ ಅಂಕಿ ನಿಮ್ಮ ಮನೆಗೂ ಸಂಬಂಧಿಸಿದ್ದು. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ನಿವೇಶನದ ಉದ್ದಗಲಕ್ಕೂ, ಅಂದರೆ ಸುಮಾರು 111 ಚದರ ಮೀಟರಿಗೆ, 10 ಮಿಲಿಮೀಟರ್ ಬಿದ್ದರೆ 1,100 ಲೀಟರಿನಷ್ಟಾಯಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಟ್ಟ ದುಡ್ಡನ್ನು ಅದೇ ಪುಸ್ತಕದಲ್ಲಿ ಬರೆದವರಿಗೆ ಈ ಲೆಕ್ಕದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಬರಹ ಹೇಗಿರಬೇಕೆಂಬುದಕ್ಕೆ ಒಂದು ಮಾದರಿ: "ಭರಣಿ, ಮೇ 3. ಸಂಜೆ ನಾಲ್ಕೂವರೆಗೆ ಗಾಳಿ, ನಂತರ ಗುಡುಗು. 14 ಮಿ.ಮೀ. ಹೊಂಗೆಹೂ ಪೂರ್ತಿ ಉದುರಿತು. ಕರೆಂಟು ರಾತ್ರಿ ಎಂಟಕ್ಕೆ ಬಂತು. ಅಮ್ಮನಿಗೆ ಮಂಡಿನೋವು ಜಾಸ್ತಿ." ವರ್ಣನೆ ಬೇಡ, ಕಂಡದ್ದು ಸಾಕು. ಮೋಡ ಕವಿದ ದಿನ ಮನಸ್ಸು ಮಂಕಾಗಿದ್ದರೆ ಅದನ್ನೂ ಎರಡು ಪದಗಳಲ್ಲಿ ಬರೆಯಿರಿ. ಎರಡು ಮೂರು ವರ್ಷಗಳಾದ ಮೇಲೆ, ನಿಮ್ಮ ಯಾವ ಆಯಾಸ ಕೆಲಸದ್ದು, ಯಾವುದು ಋತುವಿನದು ಎಂಬುದು ಆ ಸಾಲುಗಳಿಂದಲೇ ತಿಳಿಯಲು ಶುರುವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಸಂತೆಯಿಂದ ತಂದದ್ದನ್ನು ಬರೆಯಿರಿ

ಅಡುಗೆಮನೆಯ ಸಾಲು ಮನೆಯಲ್ಲಿ ಅಡುಗೆ ಮಾಡುವವರ ಕೈಯಿಂದಲೇ ಬರಲಿ. ಅಪ್ಪೆಮಿಡಿ ಬಂದದ್ದು, ಮೊದಲ ಹಲಸಿನಹಣ್ಣು, ಮಳೆಗಾಲದ ಕಳಲೆ ಮತ್ತು ಪತ್ರೊಡೆಯ ಕೆಸುವಿನೆಲೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಮಾಡಿದ ಸಜ್ಜೆರೊಟ್ಟಿ ಮತ್ತು ಭಜ್ಜಿಪಲ್ಯ, ಅವರೆಕಾಯಿಯ ಬೆಲೆ ಇಳಿದ ವಾರ, ಇವೆಲ್ಲ ದಾಖಲಾಗಬೇಕು. ವರ್ಷವಿಡೀ ಸಿಗುವ ಟೊಮೆಟೊ, ಆಲೂಗಡ್ಡೆಗಳನ್ನು ಬರೆಯಬೇಕಿಲ್ಲ. ಯಾವುದು ಒಂದು ಕಾಲದಲ್ಲಿ ಮಾತ್ರ ಬಂದು ಹೋಗುತ್ತದೋ ಅದಕ್ಕೇ ಇಲ್ಲಿ ಜಾಗ. ಕೊಡಗಿನವರಿಗೆ ಈ ಸಾಲು ಆಗಸ್ಟ್ 3ರಂದು ತಾನಾಗಿಯೇ ಸಿಗುತ್ತದೆ, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಅಂದು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುವ ರೂಢಿ ಅಲ್ಲಿದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು: ಋತುವನ್ನು ಅನುಸರಿಸುವ ಉತ್ಸಾಹದಲ್ಲಿ ಗುರುತಿಲ್ಲದ ತೊಗಟೆ, ಸೊಪ್ಪು, ಅಣಬೆಗಳನ್ನು ಯಾರೂ ತಾವೇ ಕಿತ್ತು ತರಬಾರದು. ತಲೆಮಾರುಗಳಿಂದ ಬಲ್ಲವರು ತಂದುಕೊಟ್ಟದ್ದನ್ನು ಮಾತ್ರ ಬಳಸಿ.

ಐದನೆಯ ಹೆಜ್ಜೆ: ಸೂರ್ಯ ಹುಟ್ಟುವ ಜಾಗವನ್ನು ಗುರುತಿಟ್ಟುಕೊಳ್ಳಿ

ಇದಕ್ಕೆ ವರ್ಷಕ್ಕೆ ನಾಲ್ಕೈದು ಬೆಳಗುಗಳು ಸಾಕು. ತಾರಸಿಯ ಅಥವಾ ಅಂಗಳದ ಒಂದೇ ಜಾಗದಲ್ಲಿ ನಿಂತು, ಸೂರ್ಯ ಯಾವ ತೆಂಗಿನಮರದ, ಯಾವ ನೀರಿನ ಟ್ಯಾಂಕಿನ ಹಿಂದಿನಿಂದ ಎದ್ದನೆಂದು ಬರೆಯಿರಿ. ಡಿಸೆಂಬರ್ 21 ಅಥವಾ 22ರಂದು ಅದು ತೆಂಕಣದ ತುದಿಯಲ್ಲಿರುತ್ತದೆ, ಅಲ್ಲಿಂದ ಬಡಗಣಕ್ಕೆ ಸರಿಯತೊಡಗುತ್ತದೆ. ಆಕಾಶದ ಲೆಕ್ಕದಲ್ಲಿ ಉತ್ತರಾಯಣ ಶುರುವಾಗುವುದು ಅಂದೇ. ನಾವು ಎಳ್ಳುಬೆಲ್ಲ ಬೀರುವ ಜನವರಿ 14 ಅಥವಾ 15ರ ಹೊತ್ತಿಗೆ ಸೂರ್ಯ ಆ ತುದಿಯಿಂದ ಸ್ವಲ್ಪ ಸರಿದಿರುವುದನ್ನು ಬರಿಗಣ್ಣಿಗೇ ಗುರುತಿಸಬಹುದು. ಬೆಂಗಳೂರಿನವರು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂಕಾಲರ ಆಸುಪಾಸಿನಲ್ಲಿ, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಇಲ್ಲವಾಗುವುದನ್ನು ಮಕ್ಕಳಿಗೆ ತೋರಿಸಬಹುದು.

ಆರನೆಯ ಹೆಜ್ಜೆ: ಒಂದೊಂದು ಆರಂಭಕ್ಕೆ ಒಂದೊಂದು ಅವಲೋಕನ

ಪುಸ್ತಕದ ಹಿಂದಿನ ಪುಟಗಳನ್ನು ಈಗ ಬಳಸಬೇಕು. ಚಾಂದ್ರಮಾನ ಯುಗಾದಿಯಂದು ಬೇವುಬೆಲ್ಲ ತಿಂದಾದ ಮೇಲೆ, ಪಂಚಾಂಗ ಶ್ರವಣಕ್ಕೆ ಮುನ್ನ, ಮನೆಯ ಎಲ್ಲರೂ ಕುಳಿತು ಹೋದ ವರ್ಷದ ಬೇವಿನ ಭಾಗಕ್ಕೆ ಒಂದು ಸಾಲು, ಬೆಲ್ಲದ ಭಾಗಕ್ಕೆ ಒಂದು ಸಾಲು ಬರೆಯಿರಿ. ಬೇವನ್ನು ಮೊದಲು ಬರೆಯಿರಿ. ವರ್ಷದಲ್ಲಿ ತೀರಿಕೊಂಡವರ ಹೆಸರು, ಮುರಿದ ಮಾತು, ಆಸ್ಪತ್ರೆಯ ದಿನಗಳು ಇವುಗಳನ್ನು ಹಬ್ಬದ ದಿನವೆಂದು ಬದಿಗಿಡಬೇಡಿ, ಏಕೆಂದರೆ ಕಹಿಯನ್ನೂ ಬಾಯಿಗೆ ಹಾಕಿಕೊಂಡೇ ವರ್ಷವನ್ನು ಶುರುಮಾಡುವ ಹಬ್ಬ ಇದು. ಮುಂದಿನ ವರ್ಷಕ್ಕೆ ಏನು ಮಾಡಬೇಕೆಂಬುದನ್ನು ಅಂದು ಬರೆಯಲೇಬಾರದೆಂಬುದು ನನ್ನ ಅಭಿಪ್ರಾಯ. ಆ ದಿನ ಹಿಂದಕ್ಕೆ ನೋಡುವುದಕ್ಕೇ ಮೀಸಲಿರಲಿ.

ಸೌರಮಾನ ಯುಗಾದಿ ಅಥವಾ ಬಿಸು ಪರ್ಬದ ದಿನ, ಕರಾವಳಿಯ ಮನೆಗಳಲ್ಲಿ ಕಣಿ ಇಡುವಾಗ ಹಣ್ಣು, ತರಕಾರಿ, ಅಕ್ಕಿ, ಹೂ, ಕನ್ನಡಿಗಳನ್ನು ಜೋಡಿಸುತ್ತಾರಲ್ಲ, ಅದು ಮನೆಯಲ್ಲಿ ಇರುವುದನ್ನು ಕಣ್ಣಾರೆ ನೋಡುವ ದಿನ. ಅಂದು ಇರುವುದರ ಪಟ್ಟಿಯನ್ನು ಮಾತ್ರ ಬರೆಯಿರಿ, ಕೈಯಲ್ಲಿರುವ ವಿದ್ಯೆ, ನೆಟ್ಟ ಗಿಡ, ಕಷ್ಟಕ್ಕೆ ಒದಗುವ ನೆಂಟರಿಷ್ಟರು ಇವೂ ಅದರಲ್ಲಿ ಬರಲಿ.

ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ನಮ್ಮ ಕರಾವಳಿಗೆ ಅದರ ನಾಲ್ಕೈದು ದಿನಗಳ ಬಳಿಕ. ಶಾಲೆಗಳು ತೆರೆಯುವುದೂ ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವುದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಏನನ್ನಾದರೂ ಹೊಸದಾಗಿ ಶುರುಮಾಡುವ ಸಂಕಲ್ಪಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಊರಿಗೆ ಊರೇ ಬಿತ್ತನೆಯ ತಯಾರಿಯಲ್ಲಿರುತ್ತದೆ. ಸಂಕಲ್ಪ ಒಂದೇ ಇರಲಿ. ಅದನ್ನು ಮಕ್ಕಳ ಕೈಯಲ್ಲಿ ಬರೆಸಿ.

ಬಲಿಪಾಡ್ಯಮಿ ಹಣದ ಮತ್ತು ನೀರಿನ ಲೆಕ್ಕಕ್ಕೆ. ವ್ಯಾಪಾರಿಗಳು ಹೊಸ ಖಾತೆಪುಸ್ತಕಕ್ಕೆ ಪೂಜೆ ಮಾಡುವ ಈ ಹೊತ್ತಿಗೆ ಮುಂಗಾರಿನ ಬೆಳೆ ಎಷ್ಟೆಂಬುದು ಗೊತ್ತಾಗಿರುತ್ತದೆ, ಕೆರೆ ಎಷ್ಟು ತುಂಬಿತೆಂಬುದೂ ಗೊತ್ತಾಗಿರುತ್ತದೆ. ಬಾವಿಯಿದ್ದರೆ ಕಟ್ಟೆಯಿಂದ ನೀರಿನವರೆಗೆ ಹಗ್ಗವಿಳಿಸಿ ಅಳೆದು ಬರೆಯಿರಿ. ವರ್ಷದ ಸಾಲ, ಉಳಿತಾಯ, ಯಾರಿಗೆ ಏನು ಕೊಡಬೇಕಿದೆ ಎಂಬುದನ್ನು ಅದೇ ಪುಟದಲ್ಲಿ ಬರೆಯಿರಿ. ಜನವರಿ 1ಕ್ಕೆ ಉಳಿಯುವುದು ವಿಮೆ, ತೆರಿಗೆ, ವೈದ್ಯರ ತಪಾಸಣೆಯಂಥ ತಾರೀಖುಗಳನ್ನು ಹೊಸ ಕ್ಯಾಲೆಂಡರಿಗೆ ಇಳಿಸುವ ಕೆಲಸ, ಅದಕ್ಕೆ ಅದು ಸೂಕ್ತವಾದ ದಿನವೇ ಆಗಿದೆ.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಯುಗಾದಿ ಬರುವುದು ಬೇಸಿಗೆ ಮುಗಿದು ಎಲೆಗಳು ಬಣ್ಣ ಬದಲಿಸುವ ಕಾಲಕ್ಕೆ. ಅವರು ಹಬ್ಬದ ದಿನದ ಪುಟವನ್ನು ಇಲ್ಲಿಯವರಂತೆಯೇ ಬರೆದು, ಮರದ ಸಾಲನ್ನು ಕಿಟಕಿಯಾಚೆ ಕಾಣುವ ಮರವನ್ನು ನೋಡಿಯೇ ಬರೆಯಬೇಕು. ಊರಿನ ಮಾವು ಹೂಬಿಟ್ಟಿದೆಯೆಂದು ಫೋನಿನಲ್ಲಿ ಕೇಳಿದ್ದನ್ನು ಬರೆಯುವುದಿದ್ದರೆ ಪಕ್ಕದಲ್ಲಿ ಊರಿನ ಹೆಸರನ್ನು ಹಾಕಲಿ.

ಏಳನೆಯ ಹೆಜ್ಜೆ: ಋತುಸಂಧಿಯಲ್ಲಿ ನಿಧಾನಿಸಿ

ಆಯುರ್ವೇದವು ಮುಗಿಯುವ ಋತುವಿನ ಕೊನೆಯ ಏಳು ದಿನ ಮತ್ತು ಬರುವ ಋತುವಿನ ಮೊದಲ ಏಳು ದಿನಗಳನ್ನು ಋತುಸಂಧಿಯೆಂದು ಕರೆದು, ಹಳೆಯ ರೂಢಿಯನ್ನು ಆಗ ಸ್ವಲ್ಪಸ್ವಲ್ಪವಾಗಿ ಬಿಡುತ್ತ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಹಿಡಿಯಬೇಕೆನ್ನುತ್ತದೆ. ಮನೆಯಲ್ಲಿ ಇದನ್ನು ಪಾಲಿಸುವುದು ಸುಲಭ. ಬೇಸಿಗೆ ಮುಗಿಯುವಾಗ ಮಜ್ಜಿಗೆಯನ್ನು ಒಂದೇ ದಿನ ನಿಲ್ಲಿಸದೆ ಕಡಿಮೆ ಮಾಡುತ್ತ ಬರುವುದು, ಮಲಗುವ ಏಳುವ ಹೊತ್ತನ್ನು ಹತ್ತು ನಿಮಿಷಗಳಂತೆ ಬದಲಿಸುವುದು, ಮಳೆ ಹಿಡಿಯುವ ಮುನ್ನ ಸೂರು, ಕಾಲುವೆ, ಛತ್ರಿಗಳನ್ನು ನೋಡಿಕೊಳ್ಳುವುದು, ಹೊಸ ದೊಡ್ಡ ಕೆಲಸವನ್ನು ಆ ಹದಿನಾಲ್ಕು ದಿನಗಳಲ್ಲಿ ಒಪ್ಪಿಕೊಳ್ಳದಿರುವುದು. ನಿತ್ಯದ ಔಷಧಿ ತೆಗೆದುಕೊಳ್ಳುವವರು ಅದನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಿಸಬಾರದು. ಸಂಧಿಯ ಒಂದು ಸಂಜೆ ಕುಳಿತು ಹಿಂದಿನ ನಾಲ್ಕೈದು ನಕ್ಷತ್ರಗಳ ಬರಹವನ್ನು ಗಟ್ಟಿಯಾಗಿ ಓದಿ. ಬಿಟ್ಟುಹೋದ ದಿನಗಳನ್ನು ನೆನಪಿನಿಂದ ತುಂಬಿಸಬೇಡಿ, ಖಾಲಿಯೇ ಇರಲಿ.

ಎರಡನೆಯ ವರ್ಷ

ಎರಡನೆಯ ಯುಗಾದಿಯ ನಂತರ ಬರೆಯುವ ಪ್ರತಿ ಸಾಲಿಗೂ ಮೇಲೆ ಹೋದ ವರ್ಷದ ಸಾಲು ಇರುತ್ತದೆ. ಅದನ್ನು ಓದಿಯೇ ಹೊಸದನ್ನು ಬರೆಯಿರಿ. ಹೊಂಗೆ ಹನ್ನೆರಡು ದಿನ ಮೊದಲೇ ಚಿಗುರಿದ್ದರೆ, ರೋಹಿಣಿ ಒಣಗಿಹೋಗಿದ್ದರೆ ಅದನ್ನು ಗುರುತಿಸಿ, ಆದರೆ ಎರಡು ವರ್ಷಗಳನ್ನು ನೋಡಿ ಹವಾಮಾನ ಬದಲಾಯಿತೆಂಬ ತೀರ್ಮಾನಕ್ಕೆ ಬರಬೇಡಿ. ಹವಾಮಾನದ ವಾಡಿಕೆಯನ್ನು ನಿರ್ಧರಿಸಲು ವಿಜ್ಞಾನಿಗಳು ಮೂವತ್ತು ವರ್ಷಗಳ ಅಂಕಿಗಳನ್ನು ಕೇಳುತ್ತಾರೆ. ಐದು ಪಟ್ಟಿಗಳು ತುಂಬಿದ ಮೇಲೆ ಅದೇ ಅಳತೆಯ, ಅದೇ ವಿಭಾಗಗಳ ಹೊಸ ಪುಸ್ತಕವನ್ನು ಕಟ್ಟಿ, ಹಳೆಯದನ್ನು ಅದರ ಪಕ್ಕದಲ್ಲೇ ಇಡಿ. ಮರವನ್ನು ಕಡಿದುಹಾಕಿದರೆ ಆ ದಿನವನ್ನೂ ಕಾರಣವನ್ನೂ ಬರೆದು, ಅದೇ ಜಾತಿಯ ಇನ್ನೊಂದು ಮರವನ್ನು ಅದೇ ಬೀದಿಯಲ್ಲಿ ಹುಡುಕಿಕೊಂಡು ಮುಂದುವರಿಸಿ.